ಕಪ್ಪು ಕಾರ್ಡಿನ ಹತ್ತು ನಿಮಿಷ

ರೋಹಿದಾಸನ ಹಿಡಿತವೆಂದರೆ ಅದು ನಾಲ್ಕು ಊರಿಗೆ ಗೊತ್ತಿದ್ದ ಹಿಡಿತ. ಮುಲ್ಕಿಯ ಕಡೆ ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ಅವನು ಮೂಲೆಯಲ್ಲಿ ನಿಂತನೆಂದರೆ ರೈಡರುಗಳು ಆ ಬದಿಗೆ ಕಾಲು ಚಾಚಲು ಹಿಂದೆಮುಂದೆ ನೋಡುತ್ತಿದ್ದರು. ಪಾದದ ಗಂಟು ಕೈಗೆ ಸಿಕ್ಕಿತೋ, ಮುಗಿಯಿತು. ಆ ಹಿಡಿತಕ್ಕಾಗಿ ಊರಿನವರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದದ್ದುಂಟು. ಅದೇ ಹಿಡಿತ ತನ್ನನ್ನು ಕುವೈತಿನಿಂದಲೇ ಹೊರಗೆ ಹಾಕಿಸುತ್ತದೆ ಎಂದು ಅವನು ನಡುಗುತ್ತ ಕೂತದ್ದೂ ಉಂಟು. ಅದನ್ನೇ ಈಗ ಹೇಳುವುದು.

ಫಹಾಹೀಲಿನ ಹತ್ತಿರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಅವನಿಗೆ ಮೈದಾನದ ಕೆಲಸ. ಹುಲ್ಲಿಗೆ ನೀರು ಬಿಡುವುದು, ಆಟಕ್ಕೆ ತಕ್ಕಂತೆ ಬಿಳಿ ಗೆರೆ ಎಳೆಯುವುದು. ಹದಿಮೂರು ವರ್ಷವಾಯಿತು. ಹೆಂಡತಿ ಉಮಾವತಿ, ಮಗಳು ಶರಣ್ಯಾ ಊರಿನಲ್ಲಿ. ಇಲ್ಲಿ ಇರಲು ಬೇಕಾದ ಇಕಾಮಾ ಮುಂದಿನ ತಿಂಗಳು ಹೊಸದಾಗಬೇಕಿತ್ತು.

ಶುಕ್ರವಾರದ ರಜೆಯಲ್ಲಿ ಶಾಲೆಯ ಐರಿಶ್ ಮೇಷ್ಟ್ರುಗಳು ಅಲ್ಲಿ ತಮ್ಮ ದೇಶದ ಗೇಲಿಕ್ ಫುಟ್ಬಾಲ್ ಆಡುತ್ತಿದ್ದರು. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಲೂಬಹುದು. ಅಡ್ಡಕಂಬದ ಮೇಲೆ ಹಾರಿಸಿದರೆ ಒಂದು ಅಂಕ, ಕೆಳಗೆ ಬಲೆಗೆ ಹಾಕಿದರೆ ಮೂರು. ಆ ಗೋಲಿನ ಮುಂದೆ ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಒಂದು ಅರ್ಧಚಂದ್ರ. ಪ್ರತಿ ಶುಕ್ರವಾರ ಬೆಳಿಗ್ಗೆ ಅದನ್ನು ಎಳೆಯುತ್ತಿದ್ದವನು ರೋಹಿದಾಸನೇ. ಅದು ಚಂದಕ್ಕೆ ಇರುವುದು ಅಂತ ಅವನ ನಂಬಿಕೆ.

ಆ ಜನವರಿಯ ಮಧ್ಯಾಹ್ನ ಒಬ್ಬ ಮೇಷ್ಟ್ರು ಕಾಲು ಉಳುಕಿಸಿಕೊಂಡರು. ಆಳು ಕಡಿಮೆ. ನಾಯಕ ಡೆಕ್ಲನ್ ಸರ್ ರೋಹಿದಾಸನನ್ನು ಕೈಬೀಸಿ ಕರೆದರು. ಶಾಲೆಯ ಆಫೀಸಿನ ಗುಮಾಸ್ತ ಕ್ಯಾಲ್ವಿನ್, ಕಿನ್ನಿಗೋಳಿಯವನು, ನೀರಿನ ಬಾಟ್ಲಿಗಳ ಹತ್ತಿರದಿಂದಲೇ ಕೂಗಿದ: "ಹೋಗಿ ರೋಹಿದಾಸಣ್ಣ! ಎದುರಿನವ ಬಂದ್ರೆ ಅಡ್ಡ ನಿಲ್ಲುದು, ಅಷ್ಟೇ. ಕಬಡ್ಡಿಯ ಹುಲಿಗೆ ಎಂತ ಹೆದರಿಕೆ?"

ನಾಲ್ಕನೇ ನಂಬರಿನ ಅಂಗಿ ತೊಟ್ಟು ಹುಲಿ ಒಳಗೆ ಹೋಯಿತು. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಮೇಲೆ ಎದುರು ತಂಡದ ಕೆಂಪು ಗಡ್ಡದವನೊಬ್ಬ ಚೆಂಡು ಹಿಡಿದು ಬಾಣದ ಹಾಗೆ ನುಗ್ಗಿದ. ಮುಂದೆ ಗೋಲ್‌ಕೀಪರ್ ಒಬ್ಬನೇ. ರೋಹಿದಾಸನ ತಲೆ ಯೋಚಿಸುವ ಮೊದಲೇ ಮೈ ಹಾರಿತ್ತು. ಎರಡೂ ಕೈ ಪಾದದ ಗಂಟಿಗೆ ಬಿಗಿದುಕೊಂಡವು. ಗಡ್ಡದವನು ಅರ್ಧಚಂದ್ರದ ಒಳಗೇ ಧೊಪ್ಪೆಂದು ಬಿದ್ದ. ಹಿಡಿತ ಎಷ್ಟು ಚೊಕ್ಕವಾಗಿತ್ತೆಂದರೆ, ರೋಹಿದಾಸ ಚಪ್ಪಾಳೆಗಾಗಿ ತಲೆಯೆತ್ತಿದ.

ಚಪ್ಪಾಳೆ ಇಲ್ಲ. ಸೀಟಿ. ರೆಫರಿ ಓಡಿಬಂದು ಜೇಬಿನಿಂದ ಕಪ್ಪು ಕಾರ್ಡು ತೆಗೆದು ಮೇಲೆತ್ತಿದರು.

"ಸಿನಿಕಲ್ ಫೌಲ್. ಬ್ಲ್ಯಾಕ್ ಕಾರ್ಡ್. ನೇಮ್?"

ರೋಹಿದಾಸನಿಗೆ ಕೇಳಿಸಿದ್ದು 'ಕ್ರಿಮಿನಲ್'. ಆಮೇಲೆ 'ಬ್ಲ್ಯಾಕ್'.

ಕುವೈತಿನಲ್ಲಿ ಬೆವರು ಸುರಿಸಿದವರಿಗೆ ಈ 'ಬ್ಲ್ಯಾಕ್' ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ರೋಹಿದಾಸನ ಖೈತಾನಿನ ರೂಮಿನಲ್ಲಿ ಹೋಟೆಲಿನ ಅಡಿಗೆಯವನೊಬ್ಬನಿದ್ದ, ಲಕ್ಷ್ಮೀನರಸಿಂಹ ಅಂತ. ಕೆಲಸ ಬಿಟ್ಟು ಓಡಿಹೋಗಿದ್ದಾನೆಂದು ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಕೊಟ್ಟ ದೂರು ಅವನಿಗೆ ಗೊತ್ತೇ ಇರಲಿಲ್ಲ. ರಜೆ ಮುಗಿಸಿ ಬಂದವನು ಏರ್‌ಪೋರ್ಟಿನ ಯಂತ್ರದ ಮೇಲೆ ಬೆರಳಿಟ್ಟ. ಹೆಸರು ಬ್ಲ್ಯಾಕ್ ಲಿಸ್ಟಿನಲ್ಲಿತ್ತು. ಬಂದ ವಿಮಾನದಲ್ಲೇ ವಾಪಸ್. ಅವನ ತಗಡಿನ ಪೆಟ್ಟಿಗೆ ಇವತ್ತಿಗೂ ರೋಹಿದಾಸನ ಮಂಚದ ಕೆಳಗಿದೆ. ಕಸ ಗುಡಿಸುವಾಗೆಲ್ಲ ಪೊರಕೆ ಅದಕ್ಕೆ ತಾಗಿ ಟಣ್ ಎನ್ನುತ್ತದೆ.

ಆ ಟಣ್ ಈಗ ಎದೆಯೊಳಗೆ ಕೇಳಿಸಿತು.

"ನೇಮ್?" ರೆಫರಿಯ ಪೆನ್ನು ಪುಸ್ತಕದ ಮೇಲಿತ್ತು.

"ಕ್ಯಾಲ್ವಿನ್," ಎಂದಿತು ರೋಹಿದಾಸನ ಬಾಯಿ. "ಕ್ಯಾಲ್ವಿನ್ ಮಥಾಯಸ್."

ಬರೆದಾಯಿತು.

ಹೊರಗಿನ ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ರೋಹಿದಾಸ ಹೋಗಿ ಕೂತ. ಅತ್ತ ಗೋಲಿನ ನೇರಕ್ಕೆ ಚೆಂಡಿಟ್ಟರು. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟು ಎಲ್ಲರೂ ಬದಿಗೆ ಸರಿದರು. ಒದ್ದರು, ಬಲೆ ಅಲುಗಾಡಿತು, ಮೂರು ಅಂಕ. ಅವನ ಕಣ್ಣು ಅದರ ಮೇಲಿರಲಿಲ್ಲ. ರೆಫರಿಯ ಜೇಬಿನಿಂದ ಇಣುಕುತ್ತಿದ್ದ ಆ ಪುಟ್ಟ ಪುಸ್ತಕದ ಮೇಲಿತ್ತು.

ಕ್ಯಾಲ್ವಿನ್ ನೀರು ತಂದ. "ಕುಡೀರಿ ಅಣ್ಣ. ಹತ್ತು ನಿಮಿಷ ಕೂತ್ಕೊಳ್ಳಿ, ಮತ್ತೆ ಒಳಗೆ ಹಾಕ್ತಾರೆ."

"ಒಳಗೆ? ಯಾರನ್ನು?"

"ನಿಮ್ಮನ್ನೇ, ಮತ್ಯಾರನ್ನು? ಎಂತ ಮಾರಾಯ್ರೆ, ಮುಖ ಹೀಗೆ ಬಿಳುಚಿದೆ!"

ರೋಹಿದಾಸ ಬಾಟ್ಲಿಯನ್ನು ಕುರ್ಚಿಯ ಕೆಳಗಿಟ್ಟ. ನಾಡಿದ್ದು ಭಾನುವಾರ ಕ್ಯಾಲ್ವಿನ್ ಮಂಗಳೂರಿಗೆ ಹೊರಡುವವನು. ನಾಲ್ಕು ತಿಂಗಳ ಮಗಳನ್ನು ಅವನಿನ್ನೂ ಎತ್ತಿಕೊಂಡಿಲ್ಲ. ನಾಮಕರಣಕ್ಕೆ ಇಗರ್ಜಿಯಲ್ಲಿ ದಿನ ಗೊತ್ತಾಗಿದೆ. ರೋಹಿದಾಸ ಉಮಾವತಿಗೆಂದು ಕಟ್ಟಿಟ್ಟ ಖರ್ಜೂರ, ಹಾಲಿನ ಪುಡಿಯ ಪಾರ್ಸೆಲನ್ನು ಒಯ್ಯುವವನೂ ಅವನೇ. ಏರ್‌ಪೋರ್ಟಿನ ಯಂತ್ರದ ಮೇಲೆ ಅವನು ಬೆರಳಿಡುವುದು, ಕೆಂಪು ದೀಪ ಹತ್ತುವುದು, ಇಬ್ಬರು ಪೊಲೀಸರು ತೋಳು ಹಿಡಿಯುವುದು. ಎಲ್ಲವೂ ಕುರ್ಚಿಯಲ್ಲಿ ಕೂತವನಿಗೆ ಕಣ್ಣೆದುರೇ ನಡೆದುಹೋಯಿತು.

ಐದು ನಿಮಿಷ. ಆರು. ಹೇಳಿದರೆ ತನ್ನ ಇಕಾಮಾ ಹೋಯಿತು, ಶರಣ್ಯಾಳ ನರ್ಸಿಂಗ್ ಓದು ಹೋಯಿತು. ಹೇಳದಿದ್ದರೆ? ಪಕ್ಕದಲ್ಲಿ ಕ್ಯಾಲ್ವಿನ್ ಸಿಳ್ಳೆ ಹಾಕುತ್ತ ಬಾಟ್ಲಿಗಳ ಮುಚ್ಚಳ ತಿರುಗಿಸುತ್ತಿದ್ದ. ಆ ಸಿಳ್ಳೆ ಕೇಳುವುದು ಪೊಲೀಸರಿಗಿಂತ ಕಷ್ಟವಾಗಿತ್ತು.

ಹತ್ತು ನಿಮಿಷ ಮುಗಿಯಿತು. "ಯಲ್ಲಾ, ರೋಹಿ!" ಎಂದು ಡೆಕ್ಲನ್ ಸರ್ ಕೂಗಿ ಒಳಗೆ ಕರೆದರು. ರೋಹಿದಾಸ ತನ್ನ ಜಾಗಕ್ಕೆ ಹೋಗಲಿಲ್ಲ. ನೆಟ್ಟಗೆ ರೆಫರಿಯ ಮುಂದೆ ನಿಂತು ಎರಡೂ ಕೈ ಚಾಚಿದ, ಬೇಡಿ ಹಾಕಿಸಿಕೊಳ್ಳುವವನ ಹಾಗೆ.

"ಸರ್, ನೇಮ್ ರಾಂಗ್. ಕ್ಯಾಲ್ವಿನ್ ನೋ ಕ್ರಿಮಿನಲ್. ಮೈ ನೇಮ್ ರೋಹಿದಾಸ. ರೈಟ್ ಮೀ."

ರೆಫರಿ ಕಣ್ಣರಳಿಸಿ ಅವನನ್ನೇ ನೋಡಿದರು. ಪುಸ್ತಕ ತೆಗೆದರು, ಒಂದು ಗೆರೆ ಹೊಡೆದರು, ಅಕ್ಷರ ಬಿಡಿಸಿ ಹೇಳು ಅಂದರು. ತನ್ನ ಹೆಸರಿನ ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ರೋಹಿದಾಸ ಬಿಡಿಸಿ ಹೇಳಿದ. ಬರೆದ ಮೇಲೆ ರೆಫರಿ ಬೆನ್ನು ತಟ್ಟಿ ಮೈದಾನದ ಕಡೆ ತೋರಿಸಿದರು. ಇದ್ಯಾವ ದೇಶದ ಪೊಲೀಸೋ ಎಂದು ಅವನಿಗೆ ತಿಳಿಯಲಿಲ್ಲ.

ಉಳಿದ ಆಟದಲ್ಲಿ ಕೆಂಪು ಗಡ್ಡದವನು ಮತ್ತೆರಡು ಸಲ ಹತ್ತಿರ ಬಂದ. ರೋಹಿದಾಸ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಿದ. ತಂಡ ಸೋತಿತು.

ಆಟ ಮುಗಿದ ಮೇಲೆ ಕೋನ್‌ಗಳನ್ನು ಪೇರಿಸುತ್ತಿದ್ದಾಗ ಕ್ಯಾಲ್ವಿನ್ ಬಂದ. "ಅದೆಂತ ರೆಫರಿ ಹತ್ರ ಕೈ ಚಾಚಿ ನಿಂತದ್ದು?"

ರೋಹಿದಾಸ ಎಲ್ಲವನ್ನೂ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ.

ಕ್ಯಾಲ್ವಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕ್ರಿಮಿನಲ್ ಅಲ್ಲ ಮಾರಾಯ್ರೆ, ಸಿನಿಕಲ್! ಗೋಲಾಗ್ತದೆ ಅಂತ ಗೊತ್ತಿದ್ದು ಬೇಕೂಂತಲೇ ಹಿಡಿದು ಬೀಳಿಸುದು. ನಿಮ್ಮ ಅರ್ಧಚಂದ್ರದ ಒಳಗೆ ಹಿಡಿದ್ರೆ ಪೆನಾಲ್ಟಿ, ಮೇಲಿಂದ ಹತ್ತು ನಿಮಿಷ ಹೊರಗೆ. ಖಲಾಸ್! ಆ ಪುಸ್ತಕ ರೆಫರಿಯ ಜೇಬಲ್ಲೇ ಬಟ್ಟೆ ಒಗಿಯುವ ಮೆಷಿನ್‌ಗೆ ಹೋಗ್ತದೆ, ಏರ್‌ಪೋರ್ಟಿಗಲ್ಲ."

ರೋಹಿದಾಸ ನೆಲಕ್ಕೆ ಕುಸಿದು ಕೂತ. ಕ್ಯಾಲ್ವಿನ್‌ನ ನಗು ಮೆಲ್ಲಗೆ ನಿಂತಿತು.

"ಅಣ್ಣ, ಆಗ ನಿಮಗೆ ಅದು ನಿಜವಾದ ಬ್ಲ್ಯಾಕ್ ಅಂತಲೇ ಇತ್ತಲ್ಲ?"

"ಹೌದು."

"ಮತ್ತೆ ನನ್ನ ಹೆಸರು ಕೊಟ್ಟದ್ದು?"

ರೋಹಿದಾಸ ತಾನೇ ಬೆಳಿಗ್ಗೆ ಎಳೆದ ಗೆರೆಯನ್ನು ನೋಡುತ್ತ ಹೇಳಿದ: "ಬೇಕೂಂತಲೇ."

ದೂರದಲ್ಲಿ ತೈಲ ರಿಫೈನರಿಯ ಚಿಮಣಿಯ ಬೆಂಕಿ ಗಾಳಿಗೆ ವಾಲುತ್ತಿತ್ತು. ಕ್ಯಾಲ್ವಿನ್ ಬಾಟ್ಲಿಗಳ ಬುಟ್ಟಿ ಎತ್ತಿಕೊಂಡ.

"ಪಾರ್ಸೆಲ್ ನಾಳೆ ಕೊಡಿ," ಎಂದ. "ಮೇಲೆ ಹೆಸರು ನಿಮ್ಮದೇ ಬರೀರಿ, ಆಯ್ತಾ? ನನ್ನದು ಬರೀಬೇಡಿ."

ನಗುತ್ತ ಹೇಳಿದನೋ ಇಲ್ಲವೋ, ಬೆನ್ನು ತಿರುಗಿಸಿದ್ದರಿಂದ ರೋಹಿದಾಸನಿಗೆ ಕಾಣಲಿಲ್ಲ.