ರೇಣುಕಾಳ ವರದಿಗೆ ಸಹಿ ಹಾಕಿದ ದಿನ

ಶಕುನ, ಮುನ್ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ಮೊದಲೆಲ್ಲ ನನಗೆ ನಗು ಬರುತ್ತಿತ್ತು. ನಾನು ಮಕ್ಕಳ ಮನೋವೈದ್ಯ. ಅಂಥವರ ಮಾತನ್ನು ಅರ್ಧಕ್ಕೇ ತಡೆಯುತ್ತಿದ್ದೆ. ಈಗ ನನ್ನದೇ ಕಥೆ ಹೇಳಲು ಕೂತಿದ್ದೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಕೆಲವು ವರ್ಷಗಳ ಹಿಂದೆ ಬಡಮಕ್ಕಳ ಶಾಲೆಗಳನ್ನು ಸುಧಾರಿಸುವ ಒಂದು ಯೋಜನೆಯಲ್ಲಿದ್ದೆ. ರಾಣೆಬೆನ್ನೂರಿನಲ್ಲಿ ಬಾಡಿಗೆ ಕೋಣೆ, ಹಾವೇರಿಯಲ್ಲಿ ಕಚೇರಿ. ಬ್ಯಾಡಗಿಯ ಒಂದು ಶಾಲೆಯಲ್ಲಿ ಒಂದೇ ಬೆಳಿಗ್ಗೆ ನಲವತ್ತು ಮಕ್ಕಳನ್ನು ಪರೀಕ್ಷಿಸಿದೆ. ನಲವತ್ತು! ದನದ ಸಂತೆಯಲ್ಲೂ ಅಷ್ಟು ಅವಸರ ಮಾಡುವುದಿಲ್ಲ. ರೇಣುಕಾ ಎಂಬ ಒಂಬತ್ತು ವರ್ಷದ ಹುಡುಗಿ ಪೆನ್ಸಿಲ್ ಮುಟ್ಟಲೇ ಇಲ್ಲ. ಕೈಗಳನ್ನು ಲಂಗದೊಳಗೆ ಮುದುಡಿಕೊಂಡು ಕೂತಳು. ‘ಕಲಿಕೆಯ ಸಾಮರ್ಥ್ಯ ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಗುವನ್ನು ಕರೆದೆ.

ವಾರದ ನಂತರ ಹಾವೇರಿಯ ಕಚೇರಿಯಲ್ಲಿ ವರದಿಗಳಿಗೆ ಸಹಿ ಹಾಕುತ್ತಿದ್ದೆ. ರೇಣುಕಾಳ ಹಾಳೆಗೆ ಪೆನ್ನು ಊರಿದ್ದೇ ತಡ, ಬೆರಳುಗಳು ಧಗಧಗ ಉರಿಯತೊಡಗಿದವು. ಅಯ್ಯಯ್ಯೋ ಎಂದು ಪೆನ್ನು ಬಿಸಾಕಿದೆ. ಕಸ ಗುಡಿಸುತ್ತಿದ್ದ ಶಾಂತವ್ವ ಓಡಿ ಬಂದಳು.

“ಮೆಣಸಿನಕಾಯಿ ಮುಟ್ಟೀರೇನ್ರಿ ಸರ? ನೀರು ಹಾಕಬ್ಯಾಡ್ರಿ, ಕೊಬ್ರಿ ಎಣ್ಣಿ ಹಚ್ಕೋರಿ.”

ನಾನು ಮೆಣಸಿನಕಾಯಿ ಮುಟ್ಟಿರಲಿಲ್ಲ. ಚರ್ಮ ಕೆಂಪಾಗಿರಲಿಲ್ಲ, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಎಣ್ಣೆ ಹಚ್ಚಿಕೊಂಡು, ಹಲ್ಲು ಕಚ್ಚಿ ಸಹಿ ಮುಗಿಸಿದೆ. ಆ ಮೊಂಡುತನಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಉರಿ ಮೂರು ದಿನ ಇತ್ತು.

ತಿಂಗಳ ಮೇಲೆ ಆ ಶಾಲೆಗೆ ಹೋದರೆ ರೇಣುಕಾ ಇಲ್ಲ. ಹುಡುಕಿಕೊಂಡು ಹೋದೆ. ಒಂದು ಅಂಗಳದಲ್ಲಿ, ಒಣಮೆಣಸಿನಕಾಯಿ ರಾಶಿಯ ಮುಂದೆ, ಅಜ್ಜಿಯ ಜೊತೆ ಕೂತು ತೊಟ್ಟು ಬಿಡಿಸುತ್ತಿದ್ದಳು. ಶಾಲೆಗೆ ಬರುತ್ತಿದ್ದಾಗಲೂ ದಿನಾ ಬೆಳಿಗ್ಗೆ ಇದೇ ಕೆಲಸವಂತೆ. ಖಾರ ಹತ್ತಿ ಉರಿಯುವ ಬೆರಳು ಪೆನ್ಸಿಲ್ ಹೇಗೆ ಹಿಡಿದೀತು? ಇಷ್ಟು ತಿಳಿಯಲು ಡಾಕ್ಟರ್ ಆಗಬೇಕಿರಲಿಲ್ಲ, ಒಮ್ಮೆ ಅವಳ ಕೈ ನೋಡಿದ್ದರೆ ಸಾಕಿತ್ತು.

“ನೀವ ಬರದು ಕೊಟ್ಟೀರಂತಲ್ರಿ, ಈಕಿಗೆ ಅಕ್ಷರ ಹತ್ತೂದಿಲ್ಲಂತ,” ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಅದಕ್ಕ ಸಾಲಿ ಬಿಡಿಸಿಬಿಟ್ವಿ.”

ಹೊಸ ವರದಿ ಬರೆದೆ, ಹತ್ತಾರು ಬಾಗಿಲು ತಟ್ಟಿದೆ. ಏನೂ ಆಗಲಿಲ್ಲ. ಆ ಉರಿ ಎಲ್ಲಿಂದ ಬಂತೆಂದು ಗೆಳೆಯ ವೈದ್ಯರನ್ನು ಕೇಳಿದೆ, ಅವರು ನಕ್ಕರು. ನನಗಂತೂ ಇವತ್ತಿಗೂ ತಿಳಿದಿಲ್ಲ.

ಅಂದು ಆ ಅಂಗಳದಲ್ಲೇ ಅವಳ ಎದುರು ಕುಕ್ಕರಗಾಲಲ್ಲಿ ಕೂತು, “ತಪ್ಪು ನನ್ನದವ್ವ, ನೀ ಸಾಲಿಗೆ ಬಾ,” ಎಂದಿದ್ದೆ. ರೇಣುಕಾ ತಲೆ ಎತ್ತಲಿಲ್ಲ.

“ನಾ ಬರಂಗಿಲ್ರಿ. ಇಲ್ಲಿ ನನಗ ಯಾರೂ ದಡ್ಡಿ ಅನ್ನೂದಿಲ್ಲ.”