ಮೀನುಗಳು ಮಾಯವಾದಾಗ

ಬೆಳಿಗ್ಗೆ ಒಂಬತ್ತೂವರೆಗೆ ಮೇಲಿನ ಮನೆಯ ಅಕ್ಕ ನನ್ನ ಕಣಕಾಲು ಹಿಡಿದು ಸಮುದ್ರದೊಳಕ್ಕೆ ಎಳೆದರು. ಆ ಬೆರಳುಗಳ ಗುರುತು ಎಷ್ಟೋ ದಿನ ನೀಲಿಗಟ್ಟಿಕೊಂಡಿತ್ತು. ಅರವತ್ತು ದಾಟಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ!

ಕೊಚ್ಚಿಯ ಪಾಲಾರಿವಟ್ಟಂನ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ನಾನು ಬ್ಯಾಂಕ್ ಕೆಲಸಕ್ಕೆ ಮೈಸೂರಿನಿಂದ ಬಂದವಳು. ಅಕ್ಕ ಕಾಸರಗೋಡಿನವರು, ಸಮುದ್ರಜೀವಿಗಳ ಸಂಶೋಧನೆ ಮಾಡಿ ನಿವೃತ್ತರಾದವರು. ಅವರ ಹಾಲ್‌ನಲ್ಲಿ ಟೀವಿ ಇರಬೇಕಾದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ. ಅದರಲ್ಲಿ ಕ್ರೋಮಿಸ್ ಎಂಬ ಬೆರಳುದ್ದದ ಮೀನುಗಳ ಹಿಂಡು. ಅಕ್ಕನಿಗೆ ಕಿವಿ ಮಂದ. ಯಾರಾದರೂ ಬಾಗಿಲು ಬಡಿದರೆ ಮೀನುಗಳು ಒಮ್ಮೆಲೇ ಕಲ್ಲಿನ ಸಂದಿಗೆ ನುಗ್ಗುತ್ತಿದ್ದವು. ಅದನ್ನು ಕಂಡು ಎದ್ದು ಬರುತ್ತಿದ್ದರು.

"ನನ್ನ ಕಾಲಿಂಗ್ ಬೆಲ್ ಇವೇ ಮಾರಾಯ್ತಿ. ಕರೆಂಟು ಹೋದ್ರೂ ಕೆಲಸ ಮಾಡ್ತವೆ."

ಅಂಥ ಮೀನುಗಳನ್ನು ಸಮುದ್ರದಲ್ಲೇ ತೋರಿಸುತ್ತೇನೆಂದು ನನ್ನನ್ನು ತಿರುವನಂತಪುರಕ್ಕೆ, ಕೋವಳಂನ ಬಂಡೆಗಳ ಬಳಿಗೆ ಕರೆದೊಯ್ದರು. ಉಸಿರಾಟದ ಕೊಳವೆ ಕಚ್ಚಿಕೊಂಡು ನಾನು ಕಾಲು ಬಡಿಯುವುದನ್ನು ಕಂಡು, "ಎಂತ ಹಾಗೆ ಒದೆಯುದು? ಮೀನೆಂತ ನಿನ್ನ ಮ್ಯಾನೇಜರಾ?" ಎಂದು ನಕ್ಕರು.

ಬಂಡೆಯ ಮೇಲೆ ಮೀನುಗಳು ಮೋಡದಂತೆ ನಿಂತಿದ್ದವು. ಅಕ್ಕ ನನಗಿಂತ ಕೆಳಗೆ ಇಳಿದಿದ್ದರು. ಆಗ ಗುರ್ ಎಂಬ ಸದ್ದು. ನೀರಿನಲ್ಲಿ ಅದು ಎಲ್ಲ ಕಡೆಯಿಂದಲೂ ಬಂದಂತಿತ್ತು. ಏನೆಂದು ನೋಡಲು ತಲೆ ಎತ್ತಹೊರಟೆ. ಮೀನುಗಳು ಮಾಯವಾದವು. ಕಣಕಾಲಿಗೆ ಆ ಕೈ ಬಿತ್ತು. ನನ್ನನ್ನು ಕೆಳಕ್ಕೆ ಎಳೆದ ರಭಸಕ್ಕೆ ಅಕ್ಕ ನನಗಿಂತ ಮೇಲಕ್ಕೆ ಬಂದರು. ಕಪ್ಪು ನೆರಳೊಂದು ಮೇಲಿನಿಂದ ಹಾದುಹೋಯಿತು.

ನಾನು ಉಪ್ಪುನೀರು ಕಾರುತ್ತಾ ಮೇಲೆದ್ದಾಗ ಅಕ್ಕನ ಸುತ್ತ ನೀರು ಕೆಂಪಾಗಿತ್ತು. ಮೋಟಾರು ದೋಣಿಯಡಿ ತಿರುಗುವ ಅಲಗು ಅವರ ಬಲಭುಜವನ್ನು ಸೀಳಿತ್ತು. "ಕಂಡಿಲ್ಲ ಚೇಚೀ, ಕಂಡಿಲ್ಲ," ಎಂದು ದೋಣಿಯವನು ಮಲಯಾಳದಲ್ಲಿ ಅಕ್ಕಾ ಎಂದು ಕರೆದು ಅಳುತ್ತಲೇ ಅವರನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಅಕ್ಕ ಕೇಳಿದ್ದು ಒಂದೇ. "ನಿಂಗೆ ಸದ್ದು ಕೇಳಿತ್ತಲ್ಲ, ಎಂತ ಮಾಡಿದ್ದು?"

"ತಲೆ ಎತ್ತಕ್ಕೆ ಹೋದೆ ಅಕ್ಕ."

"ಕಿವಿ ಇದ್ದು ಎಂತ ಪ್ರಯೋಜನ!" ಎಂದು ನಗಲು ಹೋಗಿ, ನೋವಿಗೆ ಹಲ್ಲು ಕಚ್ಚಿದರು.

ಆ ಕೈ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ. ತೊಟ್ಟಿಯ ಮುಚ್ಚಳ ತೆಗೆದು ಮೀನಿಗೆ ತಿನಿಸು ಹಾಕುವುದು ನನ್ನ ಪಾಲಿಗೆ ಬಂತು. ಸಂಜೆ ದೀಪ ಆರಿಸಿದೊಡನೆ ಮೀನುಗಳು ಸಂದಿಗೆ ಸರಿಯುತ್ತಿದ್ದವು. ಅದನ್ನು ಕಂಡೊಡನೆ ನಾನು ಕೆಳಗಿನ ನನ್ನ ಮನೆಗೆ ಓಡಿಬಿಡುತ್ತಿದ್ದೆ. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಅದೇ ನೆರಳು. ಎಷ್ಟೋ ವಾರ ನಿದ್ದೆಯೇ ಇಲ್ಲ.

ಒಂದು ಶನಿವಾರ ಅಕ್ಕ ನನ್ನನ್ನು ತೊಟ್ಟಿಯ ಮುಂದೆಯೇ ತಡೆದರು. "ಅವು ಹೆದರಿ ಹೋದದ್ದಲ್ಲ, ಮಲಗ್ಲಿಕ್ಕೆ ಹೋದದ್ದು. ಹೆದರಿದಾಗ ಹೋಗುದೂ ಅಲ್ಲಿಗೇ, ಮಲಗುದೂ ಅಲ್ಲೇ. ನೀನೂ ಇಲ್ಲೇ ಮಲಗು. ನಾನಿದ್ದೇನೆ."

ಚಾಪೆಯ ಮೇಲೆ ಮಲಗಿದೆ. ಪಕ್ಕದಲ್ಲಿ ಕುಳಿತ ಅಕ್ಕ ಎಡಗೈಯನ್ನು ನನ್ನ ಕಣಕಾಲಿನ ಮೇಲಿಟ್ಟರು.

ಎಚ್ಚರವಾದಾಗ ಕಿಟಕಿಯಲ್ಲಿ ಭಾನುವಾರದ ಬಿಸಿಲು. ಮೀನುಗಳೆಲ್ಲ ಹೊರಗೆ ಬಂದಿದ್ದವು. ಅಕ್ಕ ಗೋಡೆಗೆ ಒರಗಿಕೊಂಡಿದ್ದರು; ಕೈ ಇಟ್ಟಲ್ಲೇ ಇತ್ತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಮೀನುಗಳು ಮಾಯವಾದವು.

"ಹಾಲಿನವ ಬಂದ, ನೋಡು," ಎಂದರು ಅಕ್ಕ.

ನಾನು ಎದ್ದು ಬಾಗಿಲು ತೆಗೆದೆ.