ಹೊರಗೆ ಬಿಟ್ಟ ಅಂಗಿ

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು ಹಿಂದೆ ಬೆಂಗಳೂರಿನಲ್ಲಿ ಮಂತ್ರಿಯೊಬ್ಬರ ಗನ್‌ಮ್ಯಾನ್ ಆಗಿದ್ದವರು. ಇಲ್ಲಿ ಪಿಸ್ತೂಲಿಲ್ಲದ ಬರಿಗೈ ಸೆಕ್ಯುರಿಟಿ ಸೂಪರ್‌ವೈಸರ್. ಆದರೂ ಅಂಗಿಯನ್ನು ಹೊರಗೇ ಬಿಡುತ್ತಿದ್ದರು. ಕೂರುವಾಗ ಬಲಗೈ ತಾನಾಗಿಯೇ ಸೊಂಟ ಸವರುತ್ತಿತ್ತು. ಮಾತು ಮಾತಿಗೂ "ಅಷ್ಟೇ" ಎನ್ನುತ್ತಿದ್ದರು.

ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದಿದ್ದೆವು. ನನ್ನ ಹೆಂಡತಿ ಕೇಳಿದಳು: "ಪಿಸ್ತೂಲು ಕಾಣೋ ಹಾಗೆ ಇಟ್ಕೋತಿದ್ರಾ, ಅಂಗಿಯೊಳಗೆ ಮುಚ್ಚಿಟ್ಕೋತಿದ್ರಾ?"

"ಕಂಡ್ರೆ ಜನ ಪಿಸ್ತೂಲಿಗೆ ಹೆದರ್ತಾರೆ ಮೇಡಂ. ಮುಚ್ಚಿಟ್ರೆ ನಮಗೇ ಹೆದರ್ತಾರೆ. ಅಷ್ಟೇ."

ಬಡಿಸುತ್ತಿದ್ದ ಸೌಟು ಅವಳ ಕೈಯಲ್ಲೇ ನಿಂತಿತು. ಮದುವೆಯಾದಾಗಿನಿಂದ ನನ್ನ ಯಾವ ಮಾತಿಗೂ ಅದು ಹಾಗೆ ನಿಂತಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಇಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ. ಅಂದು ನಾನೂ ಅಂಗಿಯನ್ನು ಹೊರಗೆ ಬಿಟ್ಟು, ಸೊಂಟ ಸವರಿಕೊಂಡು ಆಫೀಸಿಗೆ ಹೊರಟೆ.

ಹೆಂಡತಿ ಬಾಗಿಲಲ್ಲೇ ತಡೆದಳು. "ಏನ್ರೀ, ಹೊಟ್ಟೆ ಕಾಣ್ಬಾರ್ದು ಅಂತಾನಾ?"